ಬೆಳ್ಳೂರಿನ ಆದಿಮಾಧವನಿಗೆ ಒಂದು ಕೃತಿ ಕಟ್ಟುವುದು ಹೇಗೆ?

ಕಚೇರಿಗೆ ಹೋಗಿ ಎರಡು ಗಂಟೆ ಕುಳಿತರೆ ಸಾಕು, ತಿರುವಾರೂರು, ಕಂಚಿ, ಮಧುರೆ, ಶ್ರೀರಂಗ ಎಲ್ಲವನ್ನೂ ಸುತ್ತಿ ಬಂದ ಹಾಗಾಗುತ್ತದೆ. ನಮ್ಮ ಕಡೆಯ ದೇವರುಗಳಿಗೆ ಅಲ್ಲಿ ಅಷ್ಟು ಜಾಗವಿಲ್ಲ. ನಾಗಮಂಗಲದ ಸೌಮ್ಯಕೇಶವ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಕೆರೆತೊಣ್ಣೂರಿನ ನಂಬಿನಾರಾಯಣ, ಆದಿಚುಂಚನಗಿರಿಯ ಕಾಲಭೈರವೇಶ್ವರ, ಗಂಜಾಮಿನ ನಿಮಿಷಾಂಬೆ, ಕಿಕ್ಕೇರಿಯ ಬ್ರಹ್ಮೇಶ್ವರ: ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಯ್ಸಳರ ಕಾಲದ ಗುಡಿಗಳಿಗೆ ಬರವಿಲ್ಲ, ಜಾತ್ರೆಗಳಿಗೂ ಬರವಿಲ್ಲ. ಕಚೇರಿಯ ಕಡತದಲ್ಲಿ ಮಾತ್ರ ಇವರ ಹೆಸರು ಅಪರೂಪ. ಬೆಳ್ಳೂರಿನ ಆದಿಮಾಧವರಾಯನೂ ಆ ಸಾಲಿನವನೇ.

ಹಾಗಾದರೆ ನೀವೇ ಒಂದು ಕೃತಿ ಕಟ್ಟಿದರೆ? ಸೀನಿಯರ್ ಪರೀಕ್ಷೆ ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿರುವವರು, ವಿದ್ವತ್ತಿಗೆ ಓದುತ್ತಿರುವವರು, ದೇವಸ್ಥಾನದ ಭಜನೆಯ ಮುಂದಾಳುಗಳು, ಹತ್ತು ಹದಿನೈದು ವರ್ಷ ಹಾಡಿ ಕೈಬಿಟ್ಟು ಈಗ ಮತ್ತೆ ತಂಬೂರಿ ಹಿಡಿದವರು, ಇಂಥವರಲ್ಲಿ ಅನೇಕರಿಗೆ ಆಸೆ ಇದೆ. ಎಲ್ಲಿಂದ ಶುರು ಮಾಡುವುದು ಎಂಬಲ್ಲಿ ನಿಂತುಬಿಡುತ್ತಾರೆ. ಅವರಿಗಾಗಿ ಈ ಬರಹ. ಭಜನೆಗಾಗಲಿ ಸುಗಮ ಸಂಗೀತಕ್ಕಾಗಲಿ ಅಲ್ಲ, ಕಚೇರಿಯಲ್ಲಿ ಪಿಟೀಲು ಮೃದಂಗದ ಜೊತೆ ಕೂತು ಹಾಡಬಹುದಾದ ಒಂದು ಕೃತಿಯನ್ನು ಕಟ್ಟುವುದಕ್ಕೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಸಾಹಿತ್ಯ ಬರೆದು ಮುಗಿಸಿ, ಆಮೇಲೆ ಅದಕ್ಕೆ ರಾಗ ಹಾಕುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಕವಿತೆಗೆ ಸಂಗೀತ ಸಂಯೋಜನೆ ಮಾಡುವ ಕ್ರಮ ಅದು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲೇ ಪುಸ್ತಕವಾಗಿ ಬಂತು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಅವರೆಲ್ಲ ಆ ಪದ್ಯಗಳಿಗೆ ಧಾಟಿ ಕೊಟ್ಟರು. ಕವಿ ಒಬ್ಬರು, ಸ್ವರ ಕೂಡಿಸಿದವರು ಬೇರೊಬ್ಬರು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಕೃತಿಯ ಕಥೆ ಬೇರೆ. ನಮ್ಮ ಶಾಸ್ತ್ರಕಾರರು ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸ್ವರದ ನಡೆಯನ್ನೂ, ಒಬ್ಬನೇ ಮಾಡಿದರೆ ಅವನನ್ನು ಉತ್ತಮ ವಾಗ್ಗೇಯಕಾರ ಎಂದರು. ಹದಿಮೂರನೆಯ ಶತಮಾನದ ‘ಸಂಗೀತ ರತ್ನಾಕರ’ದಲ್ಲಿ ಶಾರ್ಙ್ಗದೇವ ಇದರ ತರತಮವನ್ನೇ ಪಟ್ಟಿ ಮಾಡಿದ್ದಾನೆ. ಬೇರೆಯವರ ಧಾಟಿಗೆ ತನ್ನ ಮಾತು ಜೋಡಿಸುವವನಿಗೆ ಅವನಿಟ್ಟ ಹೆಸರು ಕುಟ್ಟಿಕಾರ. ಸಿನಿಮಾ ಹಾಡಿನ ಮಟ್ಟಿಗೆ ದೇವರ ನಾಮ ಹೊಸೆಯುವ ನಮ್ಮ ಕಾಲದ ಭಕ್ತರನ್ನು ಅವನು ಏಳುನೂರು ವರ್ಷ ಮೊದಲೇ ಕಂಡಿದ್ದನೇನೋ!

ಮಾತು, ಸ್ವರ, ತಾಳ ಮೂರನ್ನೂ ಒಟ್ಟಿಗೇ ಒಲೆಯ ಮೇಲಿಡಬೇಕು. ಒಂದು ಅಕ್ಷರ ಬದಲಾದರೆ ಸ್ವರ ಬದಲಾಗುತ್ತದೆ, ಸ್ವರ ಜಾಗ ಬಿಟ್ಟರೆ ಪದ ಬೇರೆಯದಾಗುತ್ತದೆ. ಈ ಎಳೆದಾಟವೇ ಕೃತಿ ಕಟ್ಟುವ ಕೆಲಸ. ಕಾಗದದ ಮೇಲೆ ಇದನ್ನು ವಿವರಿಸುವುದು ಕಷ್ಟ, ಆದ್ದರಿಂದ ಒಂದು ಉದಾಹರಣೆಯನ್ನು ಇಲ್ಲೇ ಕಟ್ಟುತ್ತಾ ಹೋಗೋಣ. ದೇವರು ಬೆಳ್ಳೂರಿನ ಆದಿಮಾಧವ. ತಾಳ ಆದಿತಾಳ. ರಾಗ ಮೋಹನ.

ರಾಗದ ಆಯ್ಕೆ

ಹೊಸಬರಿಗೆ ಅಪರೂಪದ ರಾಗದ ಮೋಹ ಜಾಸ್ತಿ. ಇದಕ್ಕೆ ಮೈಸೂರು ಪರಂಪರೆಯ ಪ್ರಭಾವವೂ ಇರಬಹುದು. ಜಯಚಾಮರಾಜೇಂದ್ರ ಒಡೆಯರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಕಟ್ಟಿದ 94 ಕೃತಿಗಳಲ್ಲಿ ಅಪರೂಪದ ರಾಗಗಳೇ ಹೆಚ್ಚು. ಅವರಿಗಿಂತ ಮುಂಚೆ ನಾಲ್ವಡಿಯವರ ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಮೋಹನಕಲ್ಯಾಣಿಯಂಥ ರಾಗಗಳನ್ನೇ ಸೃಷ್ಟಿಸಿದರು. ಅವರ ‘ನಿರೋಷ್ಠ’ದ ವಿಷಯ ಕೇಳಿಯೇ ಇರುತ್ತೀರಿ. ಮಧ್ಯಮ ಪಂಚಮ ಎರಡನ್ನೂ ಬಿಟ್ಟರೆ ಸ್ವರ ಹಾಡುವಾಗ ತುಟಿಗೆ ತುಟಿ ತಾಗುವುದಿಲ್ಲ. ಅದರಲ್ಲಿ ಅವರು ಕಟ್ಟಿದ ‘ರಾಜರಾಜರಾಧಿತೆ’ ಕೃತಿಯ ಸಾಹಿತ್ಯದಲ್ಲೂ ಪ, ಬ, ಮ ಮುಂತಾದ ಅಕ್ಷರಗಳು ಬಾರದಂತೆ ನೋಡಿಕೊಂಡಿದ್ದಾರೆ. ಇದು ಬರಿಯ ಚಮತ್ಕಾರ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಕಟ್ಟಿ ಹಾಕಿದಾಗಲೇ ಬುದ್ಧಿ ಓಡುವುದು. ಆದರೆ ಭಾಗವತರು ಆ ಕಟ್ಟು ಹಾಕಿಕೊಂಡದ್ದು ನೂರಾರು ಕೃತಿಗಳು ಕೈಯಲ್ಲಿ ಪಳಗಿದ ಮೇಲೆ.

ನೀವು ಮೊದಲ ಕೃತಿಗೆ ಆರಿಸಿಕೊಳ್ಳಬೇಕಾದ್ದು ನಿದ್ದೆಗಣ್ಣಿನಲ್ಲೂ ತಪ್ಪದೆ ಬರುವ ರಾಗ. ಆ ರಾಗದಲ್ಲಿ ಒಂದು ವರ್ಣ, ನಾಲ್ಕೈದು ಕೃತಿ ಬಾಯಿಪಾಠವಿರಬೇಕು, ಹತ್ತು ನಿಮಿಷ ಆಲಾಪನೆ ಮಾಡುವ ಧೈರ್ಯವಿರಬೇಕು. ಹೇಮಾವತಿ ನದಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹರಿಯುತ್ತದೆ, ಹೇಮಗಿರಿಯ ದೇವರಿಗೆ ಹೇಮವತಿ ರಾಗದಲ್ಲೇ ಕೃತಿ ಮಾಡೋಣ ಎಂದು ಯಾರಿಗಾದರೂ ಹೊಳೆಯಬಹುದು. ಚೆಂದದ ಯೋಚನೆಯೇ. ಕಟಪಯಾದಿಯ ಲೆಕ್ಕದಲ್ಲಿ ‘ಹೇ’ ಎಂಟು, ‘ಮ’ ಐದು, ತಿರುಗಿಸಿದರೆ 58ನೆಯ ಮೇಳ. ಆದರೆ ಅದರ ಪ್ರತಿಮಧ್ಯಮ, ಸಾಧಾರಣ ಗಾಂಧಾರದ ಗಮಕ ಗಂಟಲಿಗೆ ಇಳಿಯದಿದ್ದರೆ ಹೆಸರಿನ ಹೊಂದಾಣಿಕೆಯಿಂದ ಏನೂ ಆಗದು.

ಮೋಹನ ಎಲ್ಲರಿಗೂ ಬರುವ ರಾಗ. ಅದರ ಅಪಾಯವೂ ಅಲ್ಲೇ ಇದೆ. ಆರೋಹಣ ಅವರೋಹಣ ಹಿಡಿದು ಹತ್ತಿ ಇಳಿದರೆ ಸಾಕು, ಮಕ್ಕಳ ಪ್ರಾರ್ಥನಾ ಗೀತೆಯಾಗಿಬಿಡುತ್ತದೆ. ಗಾಂಧಾರವನ್ನು ಎಲ್ಲಿ ನಿಲ್ಲಿಸುತ್ತೀರಿ, ಧೈವತವನ್ನು ಎಷ್ಟು ತೂಗುತ್ತೀರಿ ಎಂಬುದರ ಮೇಲೆ ಅದರ ಘನತೆ ನಿಂತಿದೆ.

ಮೊದಲ ಸಾಲು

ಶ್ರುತಿ ಹಾಕಿ ಕುಳಿತುಕೊಳ್ಳಿ. ತಂಬೂರಿಯಿದ್ದರೆ ಸರಿ, ಇಲ್ಲದಿದ್ದರೆ ಶ್ರುತಿಪೆಟ್ಟಿಗೆಯೋ ಮೊಬೈಲಿನ ಆ್ಯಪೋ ಸಾಕು. ಇನ್ನೊಂದು ಮೊಬೈಲು ಧ್ವನಿಮುದ್ರಣಕ್ಕೆ ಬೇಕು, ಏಕೆಂದರೆ ಒಳ್ಳೆಯ ಪ್ರಯೋಗ ಬರುವುದು ಒಂದೇ ಸಲ, ಕಾಫಿ ಕುಡಿದು ಬರುವಷ್ಟರಲ್ಲಿ ಮಾಯವಾಗಿರುತ್ತದೆ. ಪೆನ್ನು ಹಿಡಿಯಬೇಡಿ. ಕಾಲು ಗಂಟೆ ರಾಗ ಹಾಡಿ, ಆಮೇಲೆ ತಾಳ ಹಾಕುತ್ತಾ ದೇವರ ಹೆಸರನ್ನೋ ಒಂದು ಪದವನ್ನೋ ಬಾಯಲ್ಲಿ ಹೊರಳಾಡಿಸಿ. ಪಲ್ಲವಿ ಹುಟ್ಟುವುದು ಹೀಗೆ.

ಹಾಗೆ ಹುಟ್ಟಿದ ಸಾಲು ಇದು ಎಂದುಕೊಳ್ಳಿ:

ಆದಿಮಾಧವ ನಿನ್ನ ಕಾಣಲು ಬಂದೆ

ಇದರಲ್ಲಿ ಕವಿತ್ವ ಹೆಚ್ಚಿಲ್ಲ, ಇರಬೇಕಾಗಿಯೂ ಇಲ್ಲ. ಪಲ್ಲವಿಯನ್ನು ಕಚೇರಿಯಲ್ಲಿ ಹತ್ತಾರು ಸಲ ಹಾಡುತ್ತಾರೆ. ಅಷ್ಟು ಸಲ ಕೇಳಿದರೂ ಭಾರವಾಗದ ಮಾತು ಬೇಕು. ಈ ಸಾಲನ್ನು ಆದಿತಾಳದಲ್ಲಿ ಕೂಡಿಸಿ ನೋಡಿ. ತಾಳದ ಎಂಟು ಎಣಿಕೆ, ಒಂದೊಂದು ಎಣಿಕೆಗೆ ನಾಲ್ಕು ಸ್ವರ. ಮೊದಲ ಎಣಿಕೆಗೆ ‘ಆದಿ’, ಎರಡನೆಯದಕ್ಕೆ ‘ಮಾಧವ’, ಮೂರಕ್ಕೆ ‘ನಿನ್ನ’, ನಾಲ್ಕಕ್ಕೆ ‘ಕಾಣಲು’. ಲಘು ಅಲ್ಲಿಗೆ ಮುಗಿಯಿತು. ಐದನೆಯ ಎಣಿಕೆ, ಅಂದರೆ ದ್ರುತದ ಮೊದಲ ಪೆಟ್ಟಿಗೆ ‘ಬಂದೆ’. ಈ ಐದನೆಯ ಪೆಟ್ಟೇ ಅರುದಿ. ಸಾಲಿನ ಮುಖ್ಯವಾದ ಮಾತು ಅಲ್ಲಿ ಬಂದು ಕೂರಬೇಕು, ಕೂತ ಮೇಲೆ ಸ್ವಲ್ಪ ಉಸಿರಾಡಬೇಕು. ಸ್ವರ ಹೀಗೆ ಇಟ್ಟುಕೊಳ್ಳಬಹುದು:

ಗಾ , ರಿ । ಸಾ ರಿ ಗ । ಪಾ , ಗ । ಪಾ ಧ ಪ ॥ ಗಾ ; । ರೀ ; ॥ ಉಳಿದ ಎರಡು ಎಣಿಕೆ ವಿರಾಮ.

ದೀರ್ಘ ಸ್ವರಕ್ಕೆ ಎರಡು ಅಕ್ಷರಕಾಲ, ಅಲ್ಪವಿರಾಮಕ್ಕೆ ಒಂದು, ಅರ್ಧವಿರಾಮಕ್ಕೆ ಎರಡು ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ನೋಡಿ, ಪ್ರತಿ ಎಣಿಕೆಯೂ ಗುರುವಿನಿಂದ ಶುರುವಾಗುತ್ತಿದೆ: ಆ, ಮಾ, ನಿನ್, ಕಾ, ಬಂ. ತಾಳದ ಪೆಟ್ಟು ಗುರುವಿನ ಮೇಲೆ ಬಿದ್ದರೆ ಮಾತು ಗಟ್ಟಿಯಾಗಿ ಕೇಳುತ್ತದೆ. ಸಾಲು ರಿಷಭದಲ್ಲಿ ನಿಲ್ಲುವುದರಿಂದ ಮತ್ತೆ ಗಾಂಧಾರಕ್ಕೆ ಹೋಗಿ ‘ಆದಿ’ ಎತ್ತಿಕೊಳ್ಳಲು ದಾರಿ ಇದೆ. ಷಡ್ಜದಲ್ಲಿ ಮುಗಿಸಿದ್ದರೆ ಬಾಗಿಲು ಮುಚ್ಚಿದಂತಾಗುತ್ತಿತ್ತು.

ಇನ್ನೊಂದು ಪರೀಕ್ಷೆ ಪದಚ್ಛೇದದ್ದು. ಈ ಸಾಲಿನಲ್ಲಿ ‘ಕಾಣಲು’ ಎಂಬುದನ್ನು ಒಡೆಯಬಾರದು. ಉಸಿರಿಗೆಂದು ‘ನಿನ್ನ ಕಾಣ’ ಎಂದು ನಿಲ್ಲಿಸಿದಿರೋ, ದೇವರನ್ನು ನೋಡಲು ಬಂದವನು ನೋಡದವನೇ ಆಗಿಬಿಡುತ್ತಾನೆ! ಸಂಗತಿ ಹಾಕುವಾಗ ದೊಡ್ಡ ವಿದ್ವಾಂಸರೂ ಎಡವುವ ಜಾಗ ಇದು. ಆದ್ದರಿಂದ ಸಾಲು ಕಟ್ಟುವಾಗಲೇ, ಎಲ್ಲಿ ಉಸಿರು ತೆಗೆದುಕೊಂಡರೂ ಅರ್ಥ ಕೆಡದಿರುವಂತೆ ನೋಡಿಕೊಳ್ಳುವುದು ಕಟ್ಟುವವರ ಹೊಣೆ. ಇಲ್ಲಿ ‘ಮಾಧವ’ ಆದ ಮೇಲೆ, ‘ನಿನ್ನ’ ಆದ ಮೇಲೆ ಉಸಿರಿಗೆ ಎಡೆಯಿದೆ.

ಇನ್ನು ಕಳವಿನ ಮಾತು. ಕದಿಯಬೇಕೆಂದು ಯಾರೂ ಕದಿಯುವುದಿಲ್ಲ, ಕಿವಿ ಕದಿಯುತ್ತದೆ. ಮೋಹನ ರಾಗ, ಆದಿತಾಳ, ನಡೆದು ಬರುವ ಪ್ರಸಂಗ ಎಂದ ಕೂಡಲೇ ತ್ಯಾಗರಾಜರ ‘ನನು ಪಾಲಿಂಪ’ ಒಳಗಿನಿಂದ ಎದ್ದು ಬರುತ್ತದೆ. ಅಲ್ಲಿ ರಾಮನೇ ನಡೆದು ಬಂದ, ನಮ್ಮಲ್ಲಿ ಭಕ್ತ ನಡೆದು ಬರುತ್ತಿದ್ದಾನೆ, ಆದರೂ ನಂಟು ಹತ್ತಿರದ್ದೇ. ನಿಮ್ಮ ಪಲ್ಲವಿ ಹಾಡಿ ಮುಗಿಸಿದ ತಕ್ಷಣ ಅದೇ ಶ್ರುತಿಯಲ್ಲಿ ಆ ಕೃತಿಯನ್ನೂ ಹಾಡಿ ನೋಡಿ. ಅದೇ ರಾಗದ ಬೇರೆ ಎರಡು ಮೂರು ಕೃತಿಗಳ ಎತ್ತುಗಡೆಯನ್ನೂ ಹಾಡಿ. ಒಂದು ಇಡೀ ಆವರ್ತ ಹೊಂದಿಕೊಂಡರೆ ನಿಮ್ಮ ಸಾಲನ್ನು ಬಿಡಿ. ಒಂದೆರಡು ಪ್ರಯೋಗ ಹೊಂದಿದರೆ ಚಿಂತೆಯಿಲ್ಲ, ಅದು ರಾಗದ ಆಸ್ತಿ, ಯಾರೊಬ್ಬರದೂ ಅಲ್ಲ.

ಅನುಪಲ್ಲವಿಯಲ್ಲಿ ಬೆಳ್ಳೂರು

ಅನುಪಲ್ಲವಿಗೆ ಎರಡು ಜವಾಬ್ದಾರಿ. ಸ್ವರದಲ್ಲಿ ಅದು ಮೇಲಿನ ಷಡ್ಜದ ಕಡೆ ಹೋಗಬೇಕು. ಮಾತಿನಲ್ಲಿ ಅದು ಪಲ್ಲವಿಗೆ ಬಂದು ಸೇರಬೇಕು, ಅಂದರೆ ಅನುಪಲ್ಲವಿ ಹಾಡಿ ಪಲ್ಲವಿ ಎತ್ತಿಕೊಂಡಾಗ ಎರಡೂ ಕೂಡಿ ಒಂದೇ ವಾಕ್ಯವಾಗಬೇಕು. ಜೊತೆಗೆ ಪ್ರಾಸ. ನಮ್ಮ ಕೃತಿಗಳಲ್ಲಿ ಸಾಲಿನ ಎರಡನೆಯ ಅಕ್ಷರದ ಪ್ರಾಸಕ್ಕೆ ಬೆಲೆ ಹೆಚ್ಚು. ಪಲ್ಲವಿ ‘ಆದಿ’ ಎಂದು ಶುರುವಾದ ಮೇಲೆ ಅನುಪಲ್ಲವಿಯ, ಚರಣದ ಸಾಲುಗಳಲ್ಲೂ ಎರಡನೆಯ ಅಕ್ಷರ ದಕಾರವಾಗಬೇಕು, ಅದರ ಹಿಂದಿನ ಅಕ್ಷರ ದೀರ್ಘವಾಗಿರಬೇಕು. ಹಾದಿ, ಬೀದಿ, ನಾದ, ಪಾದ, ವೇದ, ಮೋದ, ಓದು ಎಲ್ಲ ಸಲ್ಲುತ್ತವೆ. ‘ಪದ’ ಸಲ್ಲದು, ಹಿಂದಿನ ಅಕ್ಷರ ಹ್ರಸ್ವ. ‘ಬುದ್ಧಿ’ಯೂ ಸಲ್ಲದು, ಅದು ಒತ್ತಕ್ಷರ. ಇಂಥ ಪದಗಳ ಪಟ್ಟಿಯೊಂದನ್ನು ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಪ್ರಾಸಕ್ಕೆ ಪದ ಸಾಲದ ಪಲ್ಲವಿಯನ್ನು ಹಿಡಿದು ಒದ್ದಾಡುವುದಕ್ಕಿಂತ ಬೇರೆ ಪಲ್ಲವಿ ಹುಡುಕುವುದು ಮೇಲು.

ಮೊದಲ ಯತ್ನಕ್ಕೆ ಹೀಗೆ ಬರೆದೆವೆನ್ನಿ: ‘ಹಾದಿ ಕೇಳುತ ನಡೆದು ನಡೆದು ಬೆಳ್ಳೂರಿಗೆ’. ಪ್ರಾಸ ಕೂಡಿತು, ಅರ್ಥ ಪಲ್ಲವಿಗೆ ಸೇರಿತು, ಊರಿನ ಹೆಸರು ಸರಿಯಾಗಿ ಅರುದಿಯ ಮೇಲೆ ಬಂದು ಕೂತಿತು. ನೋಡಲು ಚೆನ್ನಾಗಿದೆ. ಹಾಡಿ ನೋಡಿ. ಅರುದಿಯಲ್ಲಿ ನಾಲ್ಕು ಸ್ವರದಷ್ಟು ಹೊತ್ತು ನಿಲ್ಲಬೇಕು, ನಿಲ್ಲುವುದಕ್ಕೆ ಸಿಕ್ಕಿದ್ದು ‘ಬೆ’. ಹ್ರಸ್ವವನ್ನು ಎಳೆದ ಕೂಡಲೇ ಅದು ‘ಬೇ’ ಆಗುತ್ತದೆ. ಸಭೆಗೆ ಕೇಳುವುದು ಬೇಲೂರು. ಆದಿಮಾಧವನನ್ನು ಕಾಣಲು ಹೊರಟವರು ಹಾಸನದ ಬಸ್ಸು ಹತ್ತಿ ಚೆನ್ನಕೇಶವನ ಮುಂದೆ ನಿಂತಂತಾಯಿತು. (ಬೆಳ್ಳೂರು ಕ್ರಾಸಿನಲ್ಲಿ ಈ ಗೊಂದಲ ಹೊಸದೇನಲ್ಲ.) ‘ಬಂದೆ’ಯಲ್ಲಿ ಈ ತೊಂದರೆ ಬರಲಿಲ್ಲ, ಯಾಕೆಂದರೆ ಅಲ್ಲಿ ಅನುಸ್ವಾರವಿದೆ, ಮೂಗಿನ ನಾದದಲ್ಲಿ ಸ್ವರ ನಿಲ್ಲುತ್ತದೆ. ಳಕಾರದ ಮೇಲೆ ಹಾಗೆ ನಿಲ್ಲಲು ಹೋದರೆ ನಾಲಗೆ ಮಡಿಚಿಕೊಂಡು ಕೂತಿರಬೇಕು.

ಪರಿಹಾರ ಸಾಲಿನ ಒಳಗೇ ಇದೆ. ‘ಬೆಳ್’ ಅನ್ನು ಅರುದಿಗೆ ಒಂದು ಸ್ವರ ಮುಂಚೆ ಚಿಕ್ಕದಾಗಿ ಮುಗಿಸಿ, ‘ಳೂ’ ಅರುದಿಯ ಮೇಲೆ ಬರುವಂತೆ ಮಾಡಿದರೆ ಆಯಿತು:

ಹಾದಿ ಕೇಳುತ ನಡೆದು ಸೇರಿ ಬೆಳ್ಳೂರನು

‘ಹಾದಿ’ಗೆ ಒಂದು ಎಣಿಕೆ, ‘ಕೇಳುತ’ಕ್ಕೆ ಒಂದು, ‘ನಡೆದು’ವಿಗೆ ಒಂದು, ‘ಸೇರಿ ಬೆಳ್’ ನಾಲ್ಕನೆಯದಕ್ಕೆ, ಐದನೆಯ ಪೆಟ್ಟಿಗೆ ‘ಳೂ’. ಅದು ದೀರ್ಘ, ಎಷ್ಟು ಬೇಕಾದರೂ ಎಳೆಯಿರಿ, ತಾರಷಡ್ಜದಲ್ಲೇ ನಿಲ್ಲಿಸಿ. ಊರು ಊರಾಗಿಯೇ ಉಳಿಯಿತು. ‘ನಡೆದು ನಡೆದು’ ಎಂಬುದರಲ್ಲಿದ್ದ ದಣಿವು ಹೋಯಿತು, ಅದು ನಷ್ಟವೇ. ಬೇಕಾದರೆ ‘ನಡೆದು’ ಎಂಬ ಜಾಗದಲ್ಲಿ ಒಂದು ಸಂಗತಿ ಹಾಕಿ ಆ ದಣಿವನ್ನು ಸ್ವರದಲ್ಲಿ ತರಬಹುದು. ಕೃತಿ ಕಟ್ಟುವವರ ಗಳಿಕೆ ಖರ್ಚು ಎಲ್ಲ ಇಂಥವೇ. ಸರಿಯಾದ ಸಾಲು ಎಂದೇನೂ ಇರುವುದಿಲ್ಲ, ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಂಡಿರಿ ಎಂಬುದಷ್ಟೇ.

ಇದೇ ನೆಪದಲ್ಲಿ ಭಾಷೆಯ ಮಾತು. ಮೈಸೂರು ವಾಸುದೇವಾಚಾರ್ಯರು (1865–1961) ನಮ್ಮವರೇ, ಅವರ ಆತ್ಮಕಥನ ಕನ್ನಡದಲ್ಲೇ ಇದೆ, ಕೃತಿಗಳು ಮಾತ್ರ ಹೆಚ್ಚಾಗಿ ತೆಲುಗು ಮತ್ತು ಸಂಸ್ಕೃತದಲ್ಲಿ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿ ಕಲಿತವರಿಗೆ ತೆಲುಗು ಸಂಗೀತದ ತಾಯಿನುಡಿಯೇ ಆಗಿತ್ತು. ಒಡೆಯರು ಸಂಸ್ಕೃತವನ್ನು ಆರಿಸಿದರು. ಅದೇ ಆಸ್ಥಾನದಲ್ಲಿ, ತಮಿಳು ನಾಡಿನಿಂದ ಬಂದ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರದ 108 ಕೃತಿಗಳನ್ನು ಕನ್ನಡದಲ್ಲಿ ಮಾಡಿದರು. ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಇಂದಿಗೂ ಕಚೇರಿಗಳಲ್ಲಿ ಕೇಳುತ್ತದೆ. ಕನ್ನಡ ಕಚೇರಿಗೆ ಒಗ್ಗುವುದಿಲ್ಲ ಎಂಬ ಹಳೆಯ ದೂರಿಗೆ ಅದೇ ಉತ್ತರ. ಕನ್ನಡದಲ್ಲಿ ಕಟ್ಟುವವರು ಗಮನಿಸಬೇಕಾದ್ದು ಒಂದೇ: ನಮ್ಮ ಕ್ರಿಯಾಪದಗಳೂ ವಿಭಕ್ತಿಗಳೂ ಉಕಾರ, ಎಕಾರದಲ್ಲಿ ಮುಗಿಯುವುದು ಹೆಚ್ಚು. ಉದ್ದ ಕಾರ್ವೆಗೆ ಉಕಾರ ತೆಳ್ಳಗಾಗುತ್ತದೆ. ನಿಲ್ಲುವ ಜಾಗಕ್ಕೆ ಆ, ಏ, ಓ ಬರುವಂತೆ ಪದಗಳ ಕ್ರಮವನ್ನು ಹಿಂದೆ ಮುಂದೆ ಮಾಡಿ. ಕನ್ನಡದಲ್ಲಿ ಪದಗಳನ್ನು ಹೇಗೆ ಬೇಕಾದರೂ ಜರುಗಿಸಬಹುದು, ಆ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳಿ.

ಚರಣ, ನೆರವಲ್, ಅಂಕಿತ

ಚರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತ್ಯಾಗರಾಜರ ಎಷ್ಟೋ ಕೃತಿಗಳಲ್ಲಿ ಚರಣದ ಉತ್ತರಾರ್ಧ ಅನುಪಲ್ಲವಿಯ ಧಾತುವನ್ನೇ ಹಿಡಿದು ಹೋಗುತ್ತದೆ. ನೀವೂ ಹಾಗೇ ಮಾಡಿ, ಅರ್ಧ ಭಾರ ಇಳಿಯಿತು. ಅದೂ ಆಗದೆಂದರೆ ದೀಕ್ಷಿತರ ದಾರಿ ಇದೆ. ಅವರ ಹಲವು ಕೃತಿಗಳಲ್ಲಿ ಪಲ್ಲವಿಯ ನಂತರ ಸಮಷ್ಟಿ ಚರಣ ಒಂದೇ. ಚಿಕ್ಕದು, ಚೊಕ್ಕದು.

ಚರಣದಲ್ಲಿ ನಿಜವಾಗಿ ಯೋಚಿಸಬೇಕಾದ್ದು ನೆರವಲ್ ಸಾಲಿನ ಬಗ್ಗೆ. ಪಾಶ್ಚಾತ್ಯ ಸಂಗೀತದಲ್ಲಿ ರಚನಕಾರ ಪ್ರತಿಯೊಂದು ಸ್ವರವನ್ನೂ, ಎಷ್ಟು ಮೆಲ್ಲಗೆ, ಎಷ್ಟು ಜೋರಾಗಿ ಎಂಬುದನ್ನೂ ಬರೆದೇ ಕೊಡುತ್ತಾನೆ. ಜಯಚಾಮರಾಜೇಂದ್ರ ಒಡೆಯರು ಎರಡು ಲೋಕವನ್ನೂ ಬಲ್ಲವರು. ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಅವರ ನೆರವಿನಿಂದ. ಇಷ್ಟೆಲ್ಲ ಆದರೂ ತಮ್ಮ ಕೃತಿಗಳನ್ನು ಅವರು ಕಟ್ಟಿದ್ದು ನಮ್ಮ ಕ್ರಮದಲ್ಲೇ. ನಮ್ಮಲ್ಲಿ ಕೃತಿ ಎಂದರೆ ಹಾಡುವವರು ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಸುತ್ತ ಬೆಳೆಸಿಕೊಳ್ಳಲು ಬಿಟ್ಟುಕೊಡುವ ಜಾಗವೂ ಹೌದು.

ನೆರವಲ್‌ಗೆ ಆಗುವ ಸಾಲು ಒಂದು ಆವರ್ತದಲ್ಲಿ ಮುಗಿಯಬೇಕು, ಅದರ ಅರ್ಥ ಅದರಲ್ಲೇ ಪೂರ್ತಿಯಾಗಬೇಕು, ಅಕ್ಷರಗಳು ದಟ್ಟವಾಗಿರಬಾರದು. ನಮ್ಮ ಉದಾಹರಣೆಗೆ:

ಓದಲರಿಯೆನು ಶಾಸ್ತ್ರವರಿಯೆನು
ನಾದವೊಂದೇ ನಿನಗೆ ತಂದೆನು

ಮೊದಲ ಸಾಲಿನ ದೈನ್ಯ ದಾಸರ ಕಾಲದಿಂದ ಸವೆದು ಬಂದದ್ದು, ಒಪ್ಪುತ್ತೇನೆ. ಅದು ಇಲ್ಲಿರುವುದು ಎರಡನೆಯ ಸಾಲಿಗೆ ಮೆಟ್ಟಿಲಾಗಿ. ‘ನಾದವೊಂದೇ ನಿನಗೆ’ ಎಂದು ಲಘುವನ್ನು ತುಂಬಿ, ‘ತಂದೆನು’ ಅರುದಿಗೆ ಬಂದರೆ ಅದರಲ್ಲಿ ನೆರವಲ್ ಮಾಡಬಹುದು: ನಾ ಎಂಬ ಆಕಾರ, ದೇ ಎಂಬ ಏಕಾರ ಎರಡೂ ಧಾರಾಳವಾಗಿ ತೆರೆದುಕೊಂಡಿವೆ. ಮಾತಿನ ಅರ್ಥವೂ ಹಾಡುವವರ ಕೆಲಸಕ್ಕೆ ಸರಿಹೊಂದುತ್ತದೆ.

ಅಂಕಿತಕ್ಕೆ ಅವಸರ ಬೇಡ. ವಾಸುದೇವಾಚಾರ್ಯರಿಗೆ ‘ವಾಸುದೇವ’, ಭಾಗವತರಿಗೆ ‘ಹರಿಕೇಶ’, ತಿರುಮಕೂಡಲಿನ ಪಿಟೀಲು ಚೌಡಯ್ಯನವರಿಗೆ ‘ತ್ರಿಮಕುಟ’, ಇವೆಲ್ಲ ಹೆಸರಿನಿಂದ, ಊರಿನಿಂದ ತಾನಾಗಿ ಬಂದವು. ಹತ್ತು ಕೃತಿ ಆದ ಮೇಲೆ ನಿಮ್ಮದೂ ಬರುತ್ತದೆ. ಬರಲಿಲ್ಲವಾದರೆ ಊರಿನ ಹೆಸರೇ ಸಾಕು.

ಸಂಗತಿಗಳನ್ನು ಕೊನೆಯಲ್ಲಿ ಹಾಕಿ. ಮೊದಲ ಸಂಗತಿ ನೇರ. ಎರಡನೆಯದರಲ್ಲಿ ಸಾಲಿನ ಕೊನೆ ಮಾತ್ರ ಬದಲಾಗಲಿ, ‘ಕಾಣಲು ಬಂದೆ’ ಸ್ವಲ್ಪ ಮೇಲೇರಲಿ. ಆಮೇಲೆ ನಡುವಿನದು. ಇಡೀ ಸಾಲು ಬದಲಾಗುವುದು ಕಡೆಗೆ. ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಹದಿನೈದು ಸಂಗತಿ ಹಾಕಿದವರು ಗಂಟಲನ್ನು ತೋರಿಸಿಕೊಂಡರು, ಕೃತಿಯನ್ನು ತೋರಿಸಲಿಲ್ಲ.

ಬರೆದಿಡಿ

ಈ ಮಾತಿಗೆ ನಮ್ಮ ಪ್ರದೇಶದಲ್ಲೇ ಒಂದು ಪಾಠವಿದೆ. ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಹೆಸರಿನಲ್ಲಿ ‘ಗೀತಗೋಪಾಲ’ ಎಂಬ ಹಾಡುಗಳ ಕೃತಿಯಿದೆ. ಜಯದೇವನ ಅಷ್ಟಪದಿಗಳ ಜಾಡಿನಲ್ಲಿ, ಕನ್ನಡದಲ್ಲಿ, ಏಳೇಳು ನುಡಿಯ ಸಪ್ತಪದಿಗಳು. ಸಾಹಿತ್ಯ ಉಳಿದಿದೆ. ಆಗ ಅವನ್ನು ಹಾಡುತ್ತಿದ್ದ ಧಾತು ನಮ್ಮ ತನಕ ಬರಲಿಲ್ಲ. ಇನ್ನೊಂದು ಕಡೆ, ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಗಮಕದ ಚಿಹ್ನೆಗಳ ಸಮೇತ ಅಚ್ಚು ಮಾಡಿಸಿದರು. ಆ ಕೃತಿಗಳು ಹೇಗಿದ್ದವು ಎಂದು ಇವತ್ತು ವಾದ ಮಾಡುವುದಕ್ಕಾದರೂ ನಮ್ಮ ಕೈಯಲ್ಲಿ ಒಂದು ಪುಸ್ತಕವಿದೆ.

ಸ್ವರಲಿಪಿಯನ್ನು ಒಂದೊಂದು ಆವರ್ತಕ್ಕೆ ಒಂದು ಸಾಲಿನಂತೆ, ಕೆಳಗೆ ಸಾಹಿತ್ಯದ ಅಕ್ಷರ ನೇರವಾಗಿ ಬರುವಂತೆ ಬರೆಯಿರಿ. ತಾರಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ. ಎಡುಪು ಎಲ್ಲಿ ಎಂದು ತಪ್ಪದೆ ಗುರುತು ಹಾಕಿ. ಗಮಕವನ್ನು ಚಿಹ್ನೆಯಲ್ಲಿ ಹಿಡಿಯಲು ಆಗದಿದ್ದರೆ ಧ್ವನಿಮುದ್ರಣವಿದೆ, ಎರಡೂ ಒಟ್ಟಿಗಿರಲಿ. ಪುಟದ ಮೂಲೆಯಲ್ಲಿ ದಿನಾಂಕ ಇರಲಿ. ಹಾಡಿನ ಮಾತಿಗೂ ಸಂಗೀತಕ್ಕೂ ನಮ್ಮ 1957ರ ಕಾಯ್ದೆಯಲ್ಲಿ ಕೃತಿಸ್ವಾಮ್ಯವಿದೆ. ಅದು ರಚನೆಯಾದ ಕ್ಷಣದಿಂದಲೇ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಮುಂದೆ ತಕರಾರು ಬಂದಾಗ ದಿನಾಂಕವಿರುವ ಪುಟ ಕೆಲಸಕ್ಕೆ ಬರುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಬಹಳ ಜನ ಮರೆಯುತ್ತಾರೆ. ಸಾಹಿತ್ಯ ಬರೆಯಲು ಆಗದವರು ಪ್ರಸಿದ್ಧ ಕವಿಗಳ ಪದ್ಯಕ್ಕೆ ರಾಗ ಹಾಕಲು ಹೊರಡುತ್ತಾರೆ. ಕವಿ ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಹಕ್ಕು ಅವರ ವಾರಸುದಾರರದು. ಕೆ.ಎಸ್.ನ. ತೀರಿಕೊಂಡದ್ದು 2003ರಲ್ಲಿ, ಮೇಲುಕೋಟೆಯ ಪು.ತಿ.ನ. 1998ರಲ್ಲಿ. ಲೆಕ್ಕ ನೀವೇ ಹಾಕಿ. ಅನುಮತಿ ಕೇಳಿ ಪತ್ರ ಬರೆಯುವುದು ಕಷ್ಟವೇನಲ್ಲ. ಪುರಂದರದಾಸರ, ಕನಕದಾಸರ ಪದಗಳಿಗೆ ಆ ತೊಡಕಿಲ್ಲ. ಪು.ತಿ.ನ. ಹೆಸರು ಬಂದದ್ದರಿಂದ ಒಂದು ಮಾತು: ಅವರು ಗೀತನಾಟಕಗಳನ್ನು ಬರೆದದ್ದು ಪುಟದ ಮೇಲಿನ ಓದಿಗಲ್ಲ, ಹಾಡಿಗೆ. ‘ಗೋಕುಲ ನಿರ್ಗಮನ’ವನ್ನು ಗಟ್ಟಿಯಾಗಿ ಓದಿಕೊಂಡರೆ ಕನ್ನಡದ ಮಾತು ಎಲ್ಲಿ ತಾನಾಗಿ ರಾಗದ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ. ಮೇಲುಕೋಟೆಯಲ್ಲಿ ಅವರ ಮನೆ ಸ್ಮಾರಕವಾಗಿದೆ, ವೈರಮುಡಿಗೆ ಹೋದಾಗ ನೋಡಿಕೊಂಡು ಬನ್ನಿ.

ಬೇರೆಯವರ ಬಾಯಲ್ಲಿ

ಕಟ್ಟಿದವರೇ ಹಾಡುತ್ತಿರುವವರೆಗೆ ಕೃತಿ ಮುಗಿಯಿತೆಂದು ಹೇಳಲಾಗದು. ನಿಮ್ಮ ತಪ್ಪುಗಳನ್ನು ನಿಮ್ಮ ಗಂಟಲು ಮುಚ್ಚಿ ಹಾಕುತ್ತದೆ. ಇಬ್ಬರಿಗೆ ಕಲಿಸಿ: ಒಬ್ಬರು ನಿಮ್ಮ ಶಿಷ್ಯರಾಗಿರಲಿ, ಇನ್ನೊಬ್ಬರು ಬೇರೆ ಪಾಠಾಂತರದವರಾಗಿರಲಿ. ಮೊದಲನೆಯವರಿಗೆ ನೀವೇ ಹೇಳಿಕೊಡಿ, ಎರಡನೆಯವರಿಗೆ ಬರೇ ಸ್ವರಲಿಪಿ ಕೊಟ್ಟು ನೋಡಿ. ಇಬ್ಬರೂ ಒಂದೇ ಜಾಗದಲ್ಲಿ ತಡವರಿಸಿದರೆ ತಿದ್ದಬೇಕಾದ್ದು ಹಾಡುವವರನ್ನಲ್ಲ, ಆ ಜಾಗವನ್ನು. ಎರಡನೆಯವರು ಎಲ್ಲೋ ಒಂದು ಪ್ರಯೋಗವನ್ನು ಬದಲಿಸಿ, ಅದು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ನಾಚಿಕೆಯಿಲ್ಲದೆ ತೆಗೆದುಕೊಳ್ಳಿ.

ವಯಸ್ಸಾಯಿತು, ಇನ್ನೆಲ್ಲಿ ಕಟ್ಟುವುದು ಎನ್ನುವವರಿಗೆ ವಾಸುದೇವಾಚಾರ್ಯರ ನೆನಪು ಮಾಡಬೇಕು. ಎಂಬತ್ತು ದಾಟಿದ ಮೇಲೆ ಅವರು ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಕೂಡಿಸಿದರು. ಉಳಿದದ್ದನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು.

ಮೊದಲ ಸಲ ಹಾಡುವುದಕ್ಕೆ ದೊಡ್ಡ ಸಭೆ ಹುಡುಕಬೇಡಿ. ತ್ಯಾಗರಾಜರ, ಪುರಂದರದಾಸರ ಆರಾಧನೆಗಳು ಊರೂರಲ್ಲೂ ನಡೆಯುತ್ತವೆ, ಗೋಷ್ಠಿಗಾಯನದ ನಂತರ ಒಬ್ಬೊಬ್ಬರಿಗೂ ಹತ್ತು ನಿಮಿಷ ಸಿಗುತ್ತದೆ. ದೇವಸ್ಥಾನದ ಉತ್ಸವದಲ್ಲಿ, ಆ ದೇವರ ಮುಂದೆಯೇ ಹಾಡುವುದಾದರೆ ಇನ್ನೂ ಒಳ್ಳೆಯದು, ಆದರೆ ಮೈಕಿನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ಸಾಲಿನ ಮಧ್ಯೆ ‘ಕಳೆದುಹೋದ ಮಗುವಿನ ತಂದೆ ತಾಯಿ ಎಲ್ಲಿದ್ದರೂ’ ಎಂಬ ಸಂಗತಿ ಸೇರಿಕೊಳ್ಳಬಾರದು. ಹೊಸ ಕೃತಿಯನ್ನು ಮೊದಲನೆಯದಾಗಿ ಹಾಡದೆ, ಎಲ್ಲರಿಗೂ ಗೊತ್ತಿರುವ ಒಂದನ್ನು ಹಾಡಿ ಶ್ರುತಿ ಕೂಡಿದ ಮೇಲೆ ಎತ್ತಿಕೊಳ್ಳಿ. ಪಿಟೀಲಿನವರಿಗೆ ಸ್ವರಲಿಪಿಯ ಪ್ರತಿಯನ್ನು ಎರಡು ದಿನ ಮುಂಚೆ ತಲುಪಿಸಿ. ಮೃದಂಗದವರಿಗೆ ಲಿಪಿ ಬೇಕಿಲ್ಲ. ವೇದಿಕೆ ಹತ್ತುವ ಮುಂಚೆ ಪಕ್ಕದಲ್ಲಿ ಕೂತು ಪಲ್ಲವಿಯನ್ನು ಎರಡು ಸಲ ತಾಳ ಹಾಕಿ ಹಾಡಿ ತೋರಿಸಿ, ಎಡುಪು ಸಮದಲ್ಲೇ ಎಂದು ಹೇಳಿ, ಅರುದಿಯ ನಂತರದ ಆ ಎರಡು ಎಣಿಕೆಯ ವಿರಾಮ ಅವರಿಗೆ ಬಿಟ್ಟದ್ದು ಎಂದೂ ಹೇಳಿ.